ಆಂಜಿನಮ್ಮನ ಧೂಪದ ಕುಕ್ಕೆ

“ಕಣ್ಣಿಗೆ ಏಳು ಸುತ್ತು ಬಟ್ಟೆ ಕಟ್ಟಿ ಸಿದ್ಧರಬೆಟ್ಟದ ನೆತ್ತಿ ಮೇಲೆ ಬುಟ್ಬುಡ್ರಿ ನನ್ನ. ಮೂಗು ಹೇಳಿದ ದಾರೀಲಿ ಇಳ್ಕಂಡು, ಬಿಸಿಮುದ್ದೆ ಆರೋದ್ರೊಳಗೆ ನಮ್ಮನೆ ಒಲೆ ಮುಂದೆ ಕೂತಿರ್ತೀನಿ. ಈ ಮೂಗು ಒಂದಿದ್ರೆ ನಂಗೆ ಕಣ್ಣೂ ಬ್ಯಾಡ, ಕಿವೀನೂ ಬ್ಯಾಡ, ಗಂಡನೂ ಬ್ಯಾಡ!”

ಹೀಗೆ ಹೇಳುತ್ತಿದ್ದವಳು ಕೊರಟಗೆರೆ ಸೀಮೆಯ ಗುಟ್ಟೇಪಾಳ್ಯದ ಆಂಜಿನಮ್ಮ. ಹೇಳುತ್ತಿದ್ದುದು ಬಾವಿಕಟ್ಟೆಯ ಮೇಲೆ, ಊರ ಹೆಂಗಸರು ಕೊಡ ಇಳಿಸಿಕೊಂಡು ಕೇಳುತ್ತಿದ್ದಾಗ. ಅಲ್ಲೇ ಎತ್ತಿಗೆ ನೀರು ಕುಡಿಸುತ್ತ ನಿಂತಿದ್ದ ಗಂಡ ಬೋರಪ್ಪ, “ಅಂಗಾದ್ರೆ ನಾನು ಕಂಬಳಿ ಎತ್ಕಂಡು ಹೊಂಟೋಗ್ಲೇನಮ್ಮಿ?” ಎಂದು ಕೇಳುತ್ತಿದ್ದ. “ಹೋಗು ಹೋಗು. ಪಾವಗಡ ದಾಟಿ ತೆಲುಗರ ಸೀಮೆಗೆ ಹೋಗಿ ಕೂತ್ರೂ ನಿನ್ನ ಬೀಡಿ ವಾಸ್ನೆ ಹಿಡಿದು ಎಳ್ಕಂಡ್ ಬತ್ತೀನಿ,” ಎನ್ನುತ್ತಿದ್ದಳು ಅವಳು. ಬೋರಪ್ಪ ಎತ್ತಿನ ಕಡೆ ತಿರುಗಿ ನಗುತ್ತಿದ್ದ. ಹೆಂಡತಿಯ ಎದುರಿಗೇ ನಗುವುದು ಆ ಊರಿನಲ್ಲಿ ಅಷ್ಟು ಮರ್ಯಾದೆಯ ಸಂಗತಿಯಾಗಿರಲಿಲ್ಲ.

ಮೂಗಿನ ವಿಷಯದಲ್ಲಿ ಊರು ಅವಳಿಗಿಂತ ಒಂದು ಕೈ ಮೇಲೆಯೇ ಹೇಳುತ್ತಿತ್ತು. ಮಧುಗಿರಿಯಲ್ಲಿ ಅಮಲ್ದಾರರು ಬೆಳಗಿನ ಕಾಫಿಗೆ ಹಾಲು ಹಾಕಿಸಿಕೊಂಡರೋ ಇಲ್ಲವೋ ಎಂಬುದನ್ನು ಆಂಜಿನಮ್ಮ ಗುಟ್ಟೇಪಾಳ್ಯದ ಬಾವಿಕಟ್ಟೆಯಿಂದಲೇ ಹೇಳುತ್ತಿದ್ದಳಂತೆ. ಮಳೆ ಇನ್ನೂ ಸಮುದ್ರದಿಂದ ಎದ್ದು ಮೈಕೊಡವಿಕೊಳ್ಳುವ ಹೊತ್ತಿಗೆ ಅವಳು ಅಂಗಳದ ಸೌದೆ ಒಳಗೆ ಹಾಕಿಸುತ್ತಿದ್ದಳಂತೆ. ಯಾರ ಮನೆಯ ತುಪ್ಪ ಕೆಟ್ಟಿದೆ, ಯಾರ ನೆಲದೊಳಗಿನ ಹಗೇವಿನ ರಾಗಿಗೆ ನೀರು ಇಳಿದಿದೆ, ಯಾರ ಗಂಡ ಈಚಲ ವನದ ಕಡೆಯಿಂದ ಬಂದ, ಎಲ್ಲಕ್ಕೂ ಅವಳ ಮೂಗೇ ಸಾಕ್ಷಿ. ಇದರಲ್ಲಿ ಮುಕ್ಕಾಲು ಪಾಲು ತೆಗೆದುಹಾಕಿದರೂ ಉಳಿದ ಕಾಲು ಪಾಲು ಆ ಊರಿಗೆ ಧಾರಾಳವಾಗಿ ಸಾಕಿತ್ತು.

ಗುಟ್ಟೇಪಾಳ್ಯವೆಂದರೆ ಹೊಳವನಹಳ್ಳಿಯಿಂದ ಎರಡು ಹರದಾರಿ, ಬೆಟ್ಟದ ಬುಡಕ್ಕೆ ಬೆನ್ನು ಕೊಟ್ಟು ಕೂತ ನಲವತ್ತು ಮನೆ. ಬೋರಪ್ಪನ ಮುತ್ತಜ್ಜ ಬೆಟ್ಟದ ಮೇಲಿನ ಕೋಟೆಯ ಕಾವಲಿಗಿದ್ದವನು. ಕೋಟೆಯಲ್ಲಿ ಕಾಯುವುದಕ್ಕೆ ಏನೂ ಉಳಿಯದೆ ಹೋದ ಮೇಲೆ ಅವನ ಮಕ್ಕಳು ಕೆಳಗಿಳಿದು ರಾಗಿ ಹೊಲ ಕಾಯತೊಡಗಿದರು. ಆಂಜಿನಮ್ಮ ಐ.ಡಿ.ಹಳ್ಳಿ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಆ ಮನೆಗೆ ಸೊಸೆಯಾಗಿ ಬಂದಳು. ಅವಳು ಹೆತ್ತ ಎರಡು ಕೂಸುಗಳೂ ಹೆಸರಿಡುವ ಮೊದಲೇ ಹೋದವು. ಆಮೇಲೆ ಅವಳಿಗೆ ಬಸಿರು ನಿಲ್ಲಲಿಲ್ಲ. ಅವಳ ಅತ್ತೆ ಊರಿನ ಬಾಣಂತಿಯರಿಗೆಲ್ಲ ಧೂಪ ಹಾಕುತ್ತಿದ್ದವಳು. ಕೈ ನಡುಗುವಷ್ಟು ಮುದುಕಿಯಾದಾಗ ಸೊಸೆಯನ್ನು ಕರೆದು, “ನಿನ್ನ ಮಡಿಲಾಗೆ ನಿಲ್ದೆ ಹೋದ್ರೆ ಹೋಗ್ಲಿ. ಊರ ಕೂಸುಗಳ್ನ ನಿಲ್ಸು,” ಎಂದು ಧೂಪದ ಮಡಕೆಯನ್ನು ಅವಳ ಕೈಗಿತ್ತಳು.

ಆ ಸೀಮೆಯಲ್ಲಿ ಹೆರಿಗೆಯಾದ ಹನ್ನೊಂದನೆಯ ದಿನ ಬಾಣಂತಿಗೆ ತಲೆಗೆ ನೀರು. ನೀರು ಹಾಕಿದ ಮೇಲೆ ಕೂದಲನ್ನು ಒದ್ದೆಯಾಗಿ ಬಿಟ್ಟರೆ ಶೀತ ಏರಿ ತಾಯಿಗೂ ಕೂಸಿಗೂ ಆಪತ್ತು ಎಂದು ನಂಬಿಕೆ. ಅದಕ್ಕಾಗಿ ಒಡೆದ ಮಡಕೆಯ ಬೋಕಿಯಲ್ಲಿ ಕೆಂಡ ಇಟ್ಟು, ಧೂಪದ ಪುಡಿ ಉದುರಿಸಿ, ಅದರ ಮೇಲೆ ಒಂದು ಕುಕ್ಕೆಯನ್ನು ಬೋರಲು ಹಾಕುತ್ತಾರೆ. ಬಾಣಂತಿ ಚಾಪೆಯ ಮೇಲೆ ಮಲಗಿ ಕೂದಲನ್ನು ಕುಕ್ಕೆಯ ಮೇಲೆ ಹರಡುತ್ತಾಳೆ. ಹೆಣಿಗೆಯ ಸಂದುಗಳಿಂದ ಹೊಗೆ ಎದ್ದು ಕೂದಲ ಬುಡಕ್ಕೆ ನುಗ್ಗುತ್ತದೆ. ತಾಯಿಯ ತಲೆ ಒಣಗಿದ ಮೇಲೆ ಅದೇ ಕುಕ್ಕೆಯ ಮೇಲೆ ಕೂಸಿನ ಬಟ್ಟೆ. ಆಂಜಿನಮ್ಮನ ಧೂಪ ಕುಡಿದ ಕೂಸು ಬೆಳೆದು ಮದುವೆಯಾಗಿ, ಮೊಮ್ಮಗನನ್ನು ಎತ್ತಿ ಆಡಿಸುವಾಗಲೂ ಕಂಕುಳಲ್ಲಿ ಲಕ್ಕಿ ಸೊಪ್ಪಿನ ಘಮ ಇರುತ್ತದೆಂದು ಹೆಂಗಸರು ಆಣೆಯಿಟ್ಟು ಹೇಳುತ್ತಿದ್ದರು.

ಅತ್ತೆ ಹೇಳಿಕೊಟ್ಟ ಕಟ್ಟು ಒಂದೇ: ಎಲೆ ಉದುರಿಸುವ ಗಿಡದ್ದು ಯಾವುದೂ ಬಾಣಂತಿಯ ಕೋಣೆಯ ಹೊಸ್ತಿಲು ದಾಟಬಾರದು. ಮಾಘ ಬಂದರೆ ಆ ಬೆಟ್ಟಗಳು ತಲೆ ಬೋಳಿಸಿಕೊಂಡು ಕೂರುತ್ತವೆ. ಆಗಲೂ ಹಳ್ಳದ ದಡದಲ್ಲಿ ಲಕ್ಕಿ ಹಸಿರಾಗಿರುತ್ತದೆ, ಬಂಡೆಯ ಸಂದಿನಲ್ಲಿ ಬಂದ್ರೆ ಗಿಡ ಎಣ್ಣೆ ಹಚ್ಚಿಕೊಂಡಂತೆ ಮಿರುಗುತ್ತದೆ, ಕಾಡುನಿಂಬೆ ತನ್ನ ಮುಳ್ಳಿನ ನಡುವೆ ಒಂದೆಲೆಯನ್ನೂ ಬಿಟ್ಟುಕೊಡುವುದಿಲ್ಲ. ಆಂಜಿನಮ್ಮ ಆ ತಿಂಗಳಲ್ಲೇ ಬೆಟ್ಟಕ್ಕೆ ಹೋಗುತ್ತಿದ್ದಳು. ಬೇಸಗೆಗೆ ಬಗ್ಗದ ಗಿಡದ ಸೊಪ್ಪು ಕಿತ್ತು ನೆರಳಲ್ಲಿ ಒಣಗಿಸಿ, ಹಳ್ಳದ ಅಂಚಿನ ಲಾವಂಚದ ಬೇರು ಕಡಿದು ತೊಳೆದು ಕುಟ್ಟಿ, ಅದಕ್ಕೆ ಶಿರಾದ ಲೋಬಾನದಂಗಡಿಯ ನಿಯಾಜ್ ಅಹಮದ್ ತಂದುಕೊಡುತ್ತಿದ್ದ ಸಾಂಬ್ರಾಣಿ ಬೆರೆಸುತ್ತಿದ್ದಳು. ಅವನಿಗೆ ಅವಳು ಸೊಪ್ಪು ಬೇರು ಕೊಡುವುದು, ಅವಳಿಗೆ ಅವನು ಸಾಂಬ್ರಾಣಿ ಕೊಡುವುದು. ಲಕ್ಕಿಯ ನೀಳ ಕಡ್ಡಿಗಳಿಂದ ಕುಕ್ಕೆಯನ್ನೂ ಅವಳೇ ಹೆಣೆಯುತ್ತಿದ್ದಳು. ಇಪ್ಪತ್ತೈದು ವರ್ಷಗಳಲ್ಲಿ ಗುಟ್ಟೇಪಾಳ್ಯದಲ್ಲಿ ಹುಟ್ಟಿದ ಯಾವ ಕೂಸೂ ಅವಳ ಹೊಗೆ ಕುಡಿಯದೆ ಬೆಳೆದಿರಲಿಲ್ಲ. ಊರಿನಲ್ಲಿ ಮಕ್ಕಳಿಲ್ಲದವಳೊಬ್ಬಳಿಗೆ ಹೀಗೆ ಎಲ್ಲ ಮನೆಯ ಒಳಕೋಣೆಗೂ ದಾರಿ ಇತ್ತು. ಆ ದಾರಿ ಬಿಟ್ಟರೆ ಅವಳಿಗೆ ಬೇರೆ ದಾರಿ ಇರಲಿಲ್ಲ.

ಸಾವಿರದ ಒಂಬೈನೂರ ಹದಿನೆಂಟರ ದಸರಾ ಕಳೆದ ಮೇಲೆ ಜ್ವರ ಬಂತು. ಎಲ್ಲಿಯದೋ ಯುದ್ಧದಲ್ಲಿ ಹುಟ್ಟಿದ ಜ್ವರವಂತೆ. ಹಡಗಿನಲ್ಲಿ ಬಂದು, ರೈಲು ಹತ್ತಿ, ರೈಲು ನಿಂತಲ್ಲಿ ಎತ್ತಿನ ಗಾಡಿ ಹತ್ತಿ, ಟಪಾಲಿನವನೂ ತಿಂಗಳಿಗೊಮ್ಮೆ ಮಾತ್ರ ಬರುವ ಊರಿಗೆ ತಪ್ಪದೆ ಬಂದು ಮುಟ್ಟಿತು. ನಲವತ್ತು ಮನೆಗಳಲ್ಲಿ ಹತ್ತೊಂಬತ್ತು ಜನ ಹೋದರು. ಇದರಲ್ಲಿ ಒಂದನ್ನೂ ಕೂಡಿಸಿ ಹೇಳಿದ್ದಲ್ಲ.

ಬೋರಪ್ಪ ಐದನೆಯ ದಿನಕ್ಕೆ ಹೋದ. ಆಂಜಿನಮ್ಮನಿಗೂ ಜ್ವರ, ಗಂಡನನ್ನು ಎತ್ತಿಕೊಂಡು ಹೋಗುವಾಗ ಅವಳಿಗೆ ಬಾಗಿಲವರೆಗೆ ತೆವಳಲು ಮಾತ್ರ ಆಯಿತು. ಎರಡು ವಾರದ ಮೇಲೆ ಎದ್ದು ಕೂತಳು. ಮೂಲೆಯಲ್ಲಿ ಅವನ ಕಂಬಳಿ ಮಡಿಸಿಟ್ಟಂತೆಯೇ ಇತ್ತು. ಒಗೆದಿರಲಿಲ್ಲ. ಅದನ್ನು ಎಳೆದುಕೊಂಡು ಮುಖ ಹುದುಗಿಸಿದಳು.

ಏನೂ ಇರಲಿಲ್ಲ.

ಕಂಬಳಿಯನ್ನು ತಿರುವಿದಳು. ಅವನು ತಲೆಯಿಡುತ್ತಿದ್ದ ಕಡೆ, ಬೀಡಿಯ ಕಿಡಿ ಬಿದ್ದು ತೂತಾದ ಕಡೆ, ಎತ್ತಿನ ಮೈ ತಾಗುತ್ತಿದ್ದ ಅಂಚಿನ ಕಡೆ ಮೂಸಿದಳು. ಕಂಬಳಿ ಮುಖಕ್ಕೆ ಚುಚ್ಚುತ್ತಿತ್ತು, ಅಷ್ಟೇ. ದುಃಖಕ್ಕೆ ಹೀಗಾಗಿರಬೇಕು ಅಂದುಕೊಂಡಳು. ಧೂಪದ ಮಡಕೆಯ ಬಾಯಿಬಟ್ಟೆ ಬಿಚ್ಚಿ ಬಗ್ಗಿದಳು. ಬೂದಿಯ ಮಡಕೆಗೆ ಬಗ್ಗಿದ ಹಾಗಾಯಿತು. ಸಾಂಬಾರಿನ ಡಬ್ಬಿ, ಹಿತ್ತಲ ತಿಪ್ಪೆ, ಕೊಟ್ಟಿಗೆ, ಎಲ್ಲ ಕಡೆ ನಿಂತು ನೋಡಿದಳು. ತಿಪ್ಪೆಯ ಮುಂದೆ ನಿಂತು ಅತ್ತ ಹೆಂಗಸನ್ನು ಗುಟ್ಟೇಪಾಳ್ಯ ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಪುಣ್ಯಕ್ಕೆ ಅಂದೂ ಯಾರೂ ನೋಡಲಿಲ್ಲ.

ಅವಳು ಯಾರಿಗೂ ಹೇಳಲಿಲ್ಲ. ಗಂಡ ಹೋದ, ಇನ್ನು ಮೂಗೂ ಹೋಯಿತೆಂದರೆ ಯಾವ ಮನೆಯವರು ಒಳಕೋಣೆಗೆ ಕರೆಯುತ್ತಾರೆ? ಹೆಂಗಸರು ಮೊದಲಿನಂತೆ ತುಪ್ಪ ತಂದು ಹಿಡಿದರೆ, ಅವಳು ತುಪ್ಪವನ್ನು ಬಿಟ್ಟು ತಂದವಳ ಮುಖವನ್ನು ನೋಡುತ್ತಿದ್ದಳು. ಮುಖ ಹುಳ್ಳಗಿದ್ದರೆ, “ಕೆಟ್ಟೈತೆ ಕಣಮ್ಮ, ದೀಪಕ್ಕೆ ಹಾಕು,” ಎನ್ನುವಳು. ಮುಖದಲ್ಲಿ ಆಸೆ ಇದ್ದರೆ, “ಇನ್ನೂ ನಾಕು ದಿನ ತಡೀತೈತೆ,” ಎನ್ನುವಳು. ಅನುಮಾನ ಬಂದಾಗಲೆಲ್ಲ ಒಂದು ಸೀನು ಸೀನಿ, ಶೀತವೆಂದು ಜಾರಿಕೊಳ್ಳುವಳು. ಹೇಳಿದ್ದೆಲ್ಲ ಬಹುಪಾಲು ಸರಿಯಾಗಿಯೇ ಇರುತ್ತಿತ್ತು. ಅವಳ ಖ್ಯಾತಿಗೆ ಕೂದಲೆಳೆಯಷ್ಟೂ ಕುಂದು ಬರಲಿಲ್ಲ.

ಸಂಕ್ರಾಂತಿ ಕಳೆದು ನಿಯಾಜ್ ಅಹಮದ್ ಕತ್ತೆಯ ಮೇಲೆ ಚೀಲ ಹೇರಿಕೊಂಡು ಬಂದ. ಅವನ ಮನೆಯಲ್ಲೂ ಜ್ವರ ಅಕ್ಕ ಬದರುನ್ನೀಸಾಳನ್ನು ಒಯ್ದಿತ್ತು. ಇಬ್ಬರೂ ಜಗಲಿಯ ಮೇಲೆ ಕೂತರು. ಆಮೇಲೆ ಅವನು ಪ್ರತಿ ವರ್ಷದ ಪದ್ಧತಿಯಂತೆ ಜೇಬಿನಿಂದ ಬೆರಳುದ್ದದ ಅತ್ತರಿನ ಸೀಸೆ ತೆಗೆದು ಅವಳ ಕೈಗಿತ್ತ. ಯಾವ ಹೂವಿನದೆಂದು ಅವಳು ಹೇಳಬೇಕು. ಹತ್ತು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಆಂಜಿನಮ್ಮ ಸೀಸೆಯನ್ನು ಮೂಗಿಗೆ ಹಿಡಿದಳು. ಕಣ್ಣು ಮುಚ್ಚಿದಳು. ತಲೆಯಾಡಿಸಿದಳು.

“ಕೇದಗೆ. ಹೋದ ವರ್ಸದ್ದಕ್ಕಿಂತ ಚೆಂದಾಗೈತೆ ಸಾಬ್ರೇ.”

ನಿಯಾಜ್ ಅಹಮದ್ ಅವಳ ಹತ್ತಿರಕ್ಕೆ ಸರಿದು ಕೂತ.

“ಅಕ್ಕಾ,” ಎಂದ ಮೆತ್ತಗೆ. “ಬಿರಡೆ ಇನ್ನೂ ತೆಗ್ದಿಲ್ಲ. ಮೇಣ ಹಾಕಿ ಮುಚ್ಚಿದ್ದು ಹಂಗೇ ಐತೆ.”

ಅವಳು ಸೀಸೆಯನ್ನು ನೋಡಿದಳು. ಬಾಯಿಗೆ ಕೆಂಪು ಮೇಣ ಗಟ್ಟಿಯಾಗಿ ಕೂತಿತ್ತು.

“ಜ್ವರಕ್ಕೇನಾ?” ಎಂದ ಅವನು.

“ಹೂಂ.”

“ಯಾರಿಗೂ ಹೇಳಿಲ್ಲ?”

“ಹೇಳಿ ಏನ್ ಮಾಡ್ಲಿ? ಮನೇಲಿ ಕೂತು ಕಂಬಳಿ ಕಾಯ್ಲಾ?”

“ಅಕ್ಕಾ, ಇದು ಅತ್ತರಿನ ಆಟ ಅಲ್ಲ. ಬೆಂಕಿ ಕೆಲ್ಸ. ಬಾಣಂತಿ, ಕೂಸು. ಖುದಾ ನೋಡ್ತಾನೆ. ಹೇಳ್ಬುಡು.”

“ಸಾಬ್ರೇ, ನೀವು ಬಾಯಿ ಬುಟ್ರೆ ಈ ಬೆಟ್ಟದ ಒಂದೆಲೆನೂ ಶಿರಾಕ್ಕೆ ಬರಾಕಿಲ್ಲ, ತಿಳ್ಕಳಿ.”

ಸೊಪ್ಪಿಗಾಗಿ ಹೆದರುವ ಮನುಷ್ಯ ಅವನಲ್ಲ. ಆದರೆ ಅವಳು ಸೀಸೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದು ಕೂತಿದ್ದನ್ನು ನೋಡಿ ಬಾಯಿ ಮುಚ್ಚಿಕೊಂಡ. ಕತ್ತೆಯನ್ನು ಹೊಡೆದುಕೊಂಡು ಹೊರಟುಹೋದ.

ಆ ಫಾಲ್ಗುಣದಲ್ಲಿ ಊರ ಪಟೇಲ ಬೊಮ್ಮಣ್ಣನ ಮಗಳು ನರಸಿಂಹಮ್ಮ ಬರಗೂರಿನ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಕೂಸಾಯಿತು. ಜ್ವರದ ವರ್ಷ ಕಳೆದ ಮೇಲೆ ಊರಿನಲ್ಲಿ ಹುಟ್ಟಿದ ಮೊದಲ ಕೂಸು ಅದು. ಹತ್ತೊಂಬತ್ತು ಹೆಣ ಹೊತ್ತ ಊರು ಆ ಒಂದು ಕೂಸನ್ನು ನೋಡಲು ಪಟೇಲನ ಬಾಗಿಲಲ್ಲಿ ಸಾಲುಗಟ್ಟಿ ನಿಂತಿತು.

ಹನ್ನೊಂದನೆಯ ದಿನ ಆಂಜಿನಮ್ಮ ಧೂಪದ ಮಡಕೆ ಹಿಡಿದು ಹೋದಳು. ನರಸಿಂಹಮ್ಮನ ತಾಯಿ ಅಟ್ಟದಿಂದ ಹಳೆಯ ಕುಕ್ಕೆ ಇಳಿಸಿ ಕೊಟ್ಟಳು. ಚೊಚ್ಚಲಿಗೆ ಹೊಸ ಕುಕ್ಕೆ ಇಡುವ ಪದ್ಧತಿ ಅಲ್ಲಿಲ್ಲ. ತಾಯಿಯ ಕೂದಲು ಒಣಗಿದ ಕುಕ್ಕೆಯ ಮೇಲೆಯೇ ಮಗಳ ಕೂದಲೂ ಒಣಗಬೇಕು. ಇದು ಹದಿನೆಂಟು ವರ್ಷದ ಹಿಂದೆ ಆಂಜಿನಮ್ಮನೇ ಹೆಣೆದದ್ದು. ಅಷ್ಟೂ ವರ್ಷ ಒಲೆಯ ಹೊಗೆಗೆ ಒಣಗಿ ಕಡ್ಡಿಗಳು ಸಿಗರೆದ್ದಿದ್ದವು. ಇಂಥ ಕುಕ್ಕೆ ಕೆಂಡದ ಮೇಲೆ ಕೂತರೆ, ಹತ್ತಿಕೊಳ್ಳುವ ಮೊದಲು ಸಣ್ಣಗೆ ಸೀದ ವಾಸನೆ ಬಿಡುತ್ತದೆ. ಆಂಜಿನಮ್ಮನಿಗೆ ಅದು ಹೆಸರು ಹಿಡಿದು ಕರೆದಷ್ಟು ಸ್ಪಷ್ಟವಾಗಿ ತಿಳಿಯುತ್ತಿತ್ತು. ತಕ್ಷಣ ಕುಕ್ಕೆ ಎತ್ತಿ, ಕೆಂಡಕ್ಕೆ ಬೂದಿ ಮುಚ್ಚಿ, ಮತ್ತೆ ಇಡುತ್ತಿದ್ದಳು. ಬೇರೆ ಯಾರಿಗೂ ಆ ವಾಸನೆಯ ಹದ ಗೊತ್ತಿರಲಿಲ್ಲ. ಗೊತ್ತಿರುವ ಅಗತ್ಯವೂ ಬಿದ್ದಿರಲಿಲ್ಲ.

ಹಸಿ ಕಡ್ಡಿಯ ಕುಕ್ಕೆ ತರುತ್ತೇನೆ ಎಂದು ಹೇಳಲು ಅವಳ ಬಾಯಿ ತೆರೆಯಿತು. ಯಾಕೆಂದು ಕೇಳುತ್ತಾರೆ ಅನ್ನಿಸಿ ಮುಚ್ಚಿತು.

ನರಸಿಂಹಮ್ಮ ಮಲಗಿ ಕೂದಲು ಹರಡಿದಳು. ಮೊಣಕಾಲಿನವರೆಗೆ ಬರುವ ಕೂದಲು, ಕುಕ್ಕೆಯನ್ನು ಎರಡು ಸುತ್ತು ಮುಚ್ಚಿತು. ಕೂಸನ್ನು ತೋಳಿನ ಸಂದಿಗೆ ಇಟ್ಟುಕೊಂಡು ಹಾಗೇ ಜೊಂಪಿಗೆ ಜಾರಿದಳು. ಮನೆಯ ಹೆಂಗಸರೆಲ್ಲ ಹಿತ್ತಲಲ್ಲಿ, ಬಂದವರ ಅಡುಗೆಯಲ್ಲಿ. ಆಂಜಿನಮ್ಮ ಗೋಡೆಗೆ ಒರಗಿ ಕೂತು ಚಿಟಿಕೆ ಚಿಟಿಕೆಯಾಗಿ ಧೂಪ ಹಾಕುತ್ತ ಕೂಸಿನ ಮುಖವನ್ನೇ ನೋಡುತ್ತಿದ್ದಳು. ಅದರ ಮೂಗು ಗುಲಗಂಜಿಯಷ್ಟಿತ್ತು. ಉಸಿರಾಡುವಾಗ ಅರಳುತ್ತಿತ್ತು. ಧೂಪದ ಘಮ ಆ ಕೂಸಿಗೆ ಈಗ ಗೊತ್ತಾಗುತ್ತಿದೆ, ತನಗೆ ಗೊತ್ತಾಗುತ್ತಿಲ್ಲ ಎಂದು ಅವಳು ಯೋಚಿಸುತ್ತಿದ್ದಳು.

ಪಟೇಲ ಬೊಮ್ಮಣ್ಣ ಅಂಗಳದಿಂದ ಕೂಗಿದ: “ಏನ್ರೇ ಅದು, ಇಂಥಾ ಸುಟ್ಟ ನಾತ!”

ಆಂಜಿನಮ್ಮ ತಲೆಯೆತ್ತಿ ಕೇಳಿದಳು: “ಯಾವ ನಾತ?”

ಆ ಎರಡು ಮಾತನ್ನು ಆಮೇಲೆ ಅವಳು ಎಷ್ಟು ಸಲ ನೆನೆದಳೋ. ಕೇಳಿ ಮುಗಿಸುವುದರೊಳಗೆ ಕುಕ್ಕೆಯ ಆಚೆ ಮಗ್ಗುಲಿಂದ ಉರಿ ಎದ್ದು ಕೂದಲಿಗೆ ಹರಿದಿತ್ತು. ನರಸಿಂಹಮ್ಮ ಚೀರಿದಳು. ಆಂಜಿನಮ್ಮ ಕುಕ್ಕೆಯನ್ನು ಕಾಲಿನಿಂದ ಒದ್ದು, ಉರಿಯುವ ಕೂದಲನ್ನು ಎರಡೂ ಕೈಯಲ್ಲಿ ಹಿಡಿದು ಹಿಸುಕಿದಳು. ಒಮ್ಮೆ, ಮತ್ತೊಮ್ಮೆ, ಉರಿ ಸಾಯುವವರೆಗೆ. ಓಡಿಬಂದವರು ಬಾಗಿಲಲ್ಲಿ ಬಾಯಿಬಿಟ್ಟುಕೊಂಡು ನಿಂತಿದ್ದರು. ಕೂಸಿಗೆ ಏನೂ ಆಗಿರಲಿಲ್ಲ. ತಾಯಿಯ ಕತ್ತಿನಲ್ಲಿ ಒಂದು ಬೊಬ್ಬೆ. ಕೂದಲು ಹೆಗಲಿನವರೆಗೆ ಸುಟ್ಟುಹೋಗಿತ್ತು. ಆಂಜಿನಮ್ಮನ ಅಂಗೈಗಳ ಚರ್ಮ ಸುಲಿದು ಬಂದಿತ್ತು.

ಪಟೇಲ ಹೊಸ್ತಿಲ ಮೇಲೆ ನಿಂತಿದ್ದ.

“ಊರಾಚೆ ಹೋಗೋ ದನಕ್ಕೂ ಈ ನಾತ ಬಡೀತೈತಲ್ಲೇ! ಪಕ್ಕದಾಗೆ ಕೂತು ಯಾವ ನಾತ ಅಂತೀಯಾ?”

“ನಂಗೆ ಮೂಗಿಲ್ಲ ಪಟೇಲ್ರೇ,” ಎಂದಳು ಆಂಜಿನಮ್ಮ. “ಜ್ವರದಾಗೆ ಹೋಯ್ತು.”

“ಗೊತ್ತಿದ್ದೂ ಬಂದ್ಯಾ? ಗೊತ್ತಿದ್ದೂ ನನ್ ಮಗಳ ತಲೆ ಕೆಳಗೆ ಕೆಂಡ ಇಟ್ಯಾ?”

ಇಡೀ ಸೀಮೆಗೆ ಬಾಯಿ ಜೋರೆಂದು ಹೆಸರಾದವಳು ಅಂದು ತಲೆ ತಗ್ಗಿಸಿಕೊಂಡು, ಸುಟ್ಟ ಕೈಗಳನ್ನು ಮುಂದಕ್ಕೆ ಹಿಡಿದುಕೊಂಡು, ಬೀದಿಯ ನಡುವೆ ನಡೆದುಹೋದಳು. ಇನ್ನು ಊರಿನ ಯಾವ ಬಾಣಂತಿಯ ಹೊಸ್ತಿಲನ್ನೂ ಅವಳು ತುಳಿಯಕೂಡದೆಂದು ಅಂದು ಸಂಜೆಯೇ ಪಟೇಲ ಸಾರಿಸಿದ. ಸಾರಿಸುವ ಅಗತ್ಯವೇನೂ ಇರಲಿಲ್ಲ.

ಮೂರು ವರ್ಷ ಅವಳನ್ನು ಯಾರೂ ಕರೆಯಲಿಲ್ಲ. ಬಾವಿಕಟ್ಟೆಗೆ ಅವಳು ಬಂದರೆ ಹೆಂಗಸರು ಮಾತಾಡುತ್ತಿದ್ದರು, ಬೈಯುತ್ತಿರಲಿಲ್ಲ; ಆದರೆ ಯಾರ ಮನೆಯಲ್ಲಿ ಯಾರು ಬಸಿರಿ ಎಂಬ ಮಾತು ಮಾತ್ರ ಅವಳು ಬಂದ ಕೂಡಲೆ ನಿಲ್ಲುತ್ತಿತ್ತು. ಊರಿನಲ್ಲಿ ಕೂಸು ಹುಟ್ಟಿದ್ದು ಅವಳಿಗೆ ಈಗ ಅಳು ಕೇಳಿದರೆ ಮಾತ್ರ ತಿಳಿಯುತ್ತಿತ್ತು.

ಲೋಳೆಸರ ಹಚ್ಚಿ ಹಚ್ಚಿ ಅಂಗೈಯ ಗಾಯ ಮಾಯಿತು. ಮಾಯ್ದ ಚರ್ಮ ತೆಳ್ಳಗೆ, ಕೂಸಿನ ಕೆನ್ನೆಯ ಹಾಗೆ. ಮಾಘ ಬಂದಾಗ ಬೇರೇನು ಮಾಡಬೇಕೆಂದು ತೋಚದೆ ಬೆಟ್ಟಕ್ಕೆ ಹೋದಳು. ಲಕ್ಕಿಯ ಎಲೆ ಮುಟ್ಟಿದಳು. ಅದರ ಬೆನ್ನಿನ ಮೇಲೆ ಬೂದಿಯಂಥ ನವಿರು ಇರುವುದು ನಲವತ್ತೆಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ತಿಳಿಯಿತು. ಮೂಗು ಇದ್ದಾಗ ಕೈಗೆ ಏನನ್ನೂ ಕೇಳಿರಲಿಲ್ಲ. ಸೊಪ್ಪು ಸರಿಯಾಗಿ ಒಣಗಿದ್ದರೆ ಮುರಿಯುವಾಗ ಒಂದು ಸದ್ದು, ಒಳಗೆ ತೇವ ಉಳಿದಿದ್ದರೆ ಇನ್ನೊಂದು ಸದ್ದು. ಲಾವಂಚದ ಬೇರು ನಾಲಗೆಯ ತುದಿಗೆ ತಣ್ಣಗೆ. ಧೂಪ ಹದವಾಗಿದ್ದರೆ ಹೊಗೆ ಬೆಳ್ಳಗೆ ನೂಲಿನಂತೆ ಏಳುತ್ತದೆ. ಕೆಟ್ಟರೆ ಹಳದಿ ತಿರುಗಿ ನೆಲ ಹಿಡಿಯುತ್ತದೆ. ಅವಳು ತನ್ನ ಮನೆಯಲ್ಲಿ ಖಾಲಿ ಚಾಪೆಯ ಪಕ್ಕ ಕೆಂಡ ಇಟ್ಟು, ಕುಕ್ಕೆ ಬೋರಲು ಹಾಕಿ, ಮೇಲೆ ಅಂಗೈ ಇಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. ಆ ತೆಳು ಚರ್ಮಕ್ಕೆ ಬಿಸಿಯ ಒಂದು ಕೂದಲೆಳೆಯೂ ತಪ್ಪುತ್ತಿರಲಿಲ್ಲ.

ಹಳೆಯ ನಮೂನೆಯ ಕುಕ್ಕೆಯನ್ನೂ ಬಿಟ್ಟಳು. ಅದೇ ದಿನ ಕೊಯ್ದ ಹಸಿ ಲಕ್ಕಿಯ ಕಡ್ಡಿ, ಬಾಯಿಗೆ ಬಂದ್ರೆಯ ಗಟ್ಟಿ ಬಳೆ, ಕೆಳಗಿನ ನಾಲ್ಕು ಬೆರಳಗಲಕ್ಕೆ ಒಳಗೂ ಹೊರಗೂ ಕೆಮ್ಮಣ್ಣಿನ ಮೆತ್ತುಗೆ. ಒಂದು ಕುಕ್ಕೆ ಒಂದೇ ಸಲಕ್ಕೆ. ಒಣಗಿದರೆ ಮುರಿದು ಒಲೆಗೆ.

ನಿಯಾಜ್ ಅಹಮದ್ ಬಂದಾಗ ತಾನಾಗಿಯೇ, “ಗಲತಿ ನಂದೂ ಐತೆ ಅಕ್ಕಾ. ಬಾಯಿ ಮುಚ್ಕಂಡಿದ್ದೆ,” ಎಂದ.

“ಅದಿರ್ಲಿ. ಈಗ ತೆಗೀರಿ ಬಾಯಿ. ಇದ್ರಾಗೆ ಯಾವ್ದು ಕೆಟ್ಟೈತೆ, ಯಾವ್ದು ಚೆಂದೈತೆ, ಮುಲಾಜಿಲ್ದೆ ಹೇಳಿ.”

ಅವನು ಒಂದೊಂದೇ ಕಟ್ಟು ಮೂಸಿ, “ಇದು ಅಚ್ಛಾ. ಇದೂ ಅಚ್ಛಾ. ಇದಕ್ಕೆ ಇಬ್ಬನಿ ಕೂತೈತೆ, ಬಿಸಾಕು,” ಎಂದು ಅಂಗಳಕ್ಕೆ ಎಸೆದ. ಅವಳು ಎಸೆದದ್ದನ್ನು ಎತ್ತಿಕೊಂಡು ಬಂದು, ಮುರಿದು ಕಿವಿಯ ಹತ್ತಿರ ಹಿಡಿದು, ಮನಸ್ಸಿಗೆ ಹಾಕಿಕೊಂಡಳು. ಮೊದಲ ವರ್ಷ ಅವನು ಹನ್ನೊಂದು ಕಟ್ಟು ಎಸೆದ. ಮೂರನೆಯ ವರ್ಷ ಎಲ್ಲವನ್ನೂ ಮೂಸಿ ನೋಡಿ ಎಸೆಯಲು ಏನೂ ಸಿಗದೆ, ಅಭ್ಯಾಸ ತಪ್ಪಬಾರದೆಂದು ಕತ್ತೆಗೆ ಒಂದು ಏಟು ಕೊಟ್ಟು ಹೊರಟ.

ಆ ವರ್ಷ ನರಸಿಂಹಮ್ಮ ಎರಡನೆಯ ಹೆರಿಗೆಗೆ ಬಂದಳು. ಬಂದ ಮೂರನೆಯ ದಿನ ತುಂಬಿದ ಬಸುರಿ ಒಬ್ಬಳೇ ನಡೆದುಕೊಂಡು ಆಂಜಿನಮ್ಮನ ಮನೆಗೆ ಬಂದು ಹೊಸ್ತಿಲ ಮೇಲೆ ಕೂತಳು. ಜಡೆ ಸೊಂಟದವರೆಗೆ ಬೆಳೆದಿತ್ತು. ಕತ್ತಿನ ಕಲೆ ಹಾಗೇ ಇತ್ತು.

“ಆಂಜಿನವ್ವಾ, ಈ ಸಲ ಧೂಪಕ್ಕೆ ನೀನೇ ಬರ್ಬೇಕು.”

ಕುಕ್ಕೆ ಹೆಣೆಯುತ್ತಿದ್ದ ಆಂಜಿನಮ್ಮನ ಕೈ ನಿಂತಿತು.

“ನಿಂಗೇನು ತಲೆ ಕೆಟ್ಟೈತಾ? ನಂಗೆ ಮೂಗಿಲ್ಲ ಕಣವ್ವ.”

“ಗೊತ್ತು.”

“ನಿನ್ನ ಸುಟ್ಟಾಕ್ತಿದ್ದೆ ನಾನು.”

“ಸುಟ್ಟೋಳು ನೀನೇ, ಆರ್ಸಿದೋಳೂ ನೀನೇ. ಮಿಕ್ಕೋರು ಬಾಗ್ಲಾಗೆ ನಿಂತು ಅಯ್ಯಯ್ಯೋ ಅಂತಿದ್ರು.” ಅವಳು ಆಂಜಿನಮ್ಮನ ಅಂಗೈಯನ್ನು ಎಳೆದು ತಿರುವಿ ನೋಡಿದಳು. “ನಂದು ಬೆಳೀತು. ನಿಂದು ಇಂಗೇ ಉಳೀತು. ಹೋದ ಸಲ ನೀನು ಹೇಳ್ಲಿಲ್ಲ, ಅದೇ ನಂಗೆ ಸಿಟ್ಟು. ಈಗ ಹೇಳಿದ್ಯಲ್ಲ.”

ಆಂಜಿನಮ್ಮ ಕಡ್ಡಿಯ ತುದಿಯನ್ನು ಬೆರಳಲ್ಲಿ ತಿರುವಿದಳು. ಆಮೇಲೆ ಹೇಳಿದಳು: “ಒಂದು ಮಾತಿಗೆ ಒಪ್ಪಿದ್ರೆ ಬತ್ತೀನಿ. ಮೂಗಿರೋರೊಬ್ರು ಕದಲ್ದೆ ಪಕ್ಕದಾಗೆ ಕೂತಿರ್ಬೇಕು. ಕೈ ನಂದು, ಮೂಗು ಅವ್ರದ್ದು.”

“ನಮ್ಮವ್ವನ್ನ ಕೂರ್ಸನ.”

“ನಿಮ್ಮವ್ವ ಒಲೆ ಮುಂದೆ ಇರ್ತಾಳೆ. ನಿಮ್ಮ ಚಿಕ್ಕವ್ವ ನೀರು ಕಾಯಿಸ್ತಾಳೆ. ಹೋದ ಸಲ ಅಂಗೇ ಆಗಿದ್ದು, ಎಲ್ರಿಗೂ ಕೆಲ್ಸ. ನಿಮ್ಮನೇಲಿ ಕೆಲ್ಸ ಇಲ್ದೆ ಕೂತಿರೋರು ಯಾರು, ಯೋಚ್ನೆ ಮಾಡಿ ಹೇಳು.”

ನರಸಿಂಹಮ್ಮ ಯೋಚಿಸಿದಳು. ಉತ್ತರ ಹೊಳೆದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹೆಣ್ಣು ಕೂಸಾಯಿತು. ಹನ್ನೊಂದನೆಯ ದಿನ ಆಂಜಿನಮ್ಮ ಬೆಳಗ್ಗೆಯೇ ಕೊಯ್ದು ಹೆಣೆದ ಕುಕ್ಕೆಯನ್ನು ತಲೆಯ ಮೇಲೆ ಹೊತ್ತು ಬೀದಿಯ ನಡುವೆಯೇ ಬಂದಳು. ಪಟೇಲ ಬೊಮ್ಮಣ್ಣ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತ.

“ಯಾರು ಕರ್ದಿದ್ದು ಇವಳ್ನ?”

“ನಾನು ಕಣಪ್ಪ,” ಒಳಗಿನಿಂದ ನರಸಿಂಹಮ್ಮ ಹೇಳಿದಳು. “ನೀನು ದಾರಿ ಬುಡು.”

“ಹೋದ ಸಲ ಕೂದ್ಲು ಕೊಟ್ಟೆ. ಈ ಸಲ ತಲೇನೇ ಕೊಡ್ತೀಯಾ? ಏನಂತ ನಂಬ್ಲಿ ಇವಳ್ನ?”

“ನಂಬಬ್ಯಾಡಿ ಪಟೇಲ್ರೇ,” ಎಂದಳು ಆಂಜಿನಮ್ಮ. “ಆವತ್ತು ನನ್ನ ನಾನೇ ನಂಬಿ ಕೆಟ್ಟೆ. ಇವತ್ತು ನೀವು ಇಲ್ಲೇ ಹೊಸ್ತಿಲಾಚೆ ಕೂತ್ಕಳಿ. ಹೆಂಗಸರ ಕೋಣೆ, ಮುಖ ಆಕಡೆ ಇರ್ಲಿ, ಮೂಗು ಈಕಡೆ ಇರ್ಲಿ. ಸೀದಂಗೆ ಒಂದು ಚೂರು ಅನ್ಸಿದ್ರೂ ಕೂಗಿ. ನೀವು ಏಳಂಗಿದ್ರೆ ನಾನು ಕೆಂಡಾನೇ ಹಾಕಾಕಿಲ್ಲ.”

ಬೊಮ್ಮಣ್ಣ ಮಗಳ ಕಡೆ ನೋಡಿದ. ಅವಳು ಆಗಲೇ ಮಲಗಿ ಕೂದಲು ಬಿಚ್ಚುತ್ತಿದ್ದಳು. ಹಿತ್ತಲಿನಿಂದ ಹೆಂಗಸರು ಇಣುಕುತ್ತಿದ್ದರು. ಅವನು ರುಮಾಲು ಸರಿಮಾಡಿಕೊಂಡ, ಗೊಣಗಿದ, ಕೊನೆಗೆ ಅಂಗಳದ ಕಡೆ ಮುಖ ಮಾಡಿ ಹೊಸ್ತಿಲಿಗೆ ಬೆನ್ನುಕೊಟ್ಟು ಕುಕ್ಕರುಗಾಲಿನಲ್ಲಿ ಕೂತ.

ಆಂಜಿನಮ್ಮ ಕೆಂಡ ಇಟ್ಟಳು. ಕುಕ್ಕೆ ಬೋರಲು ಹಾಕಿ ಕೂದಲಿನ ಕೆಳಗೆ ಅಂಗೈ ತೂರಿಸಿದಳು. ಹೊಗೆ ಬೆಳ್ಳಗೆ ಎದ್ದಿತು. ನರಸಿಂಹಮ್ಮ ಕಣ್ಣು ಮುಚ್ಚಿದಳು.

“ಈಗ ಹೆಂಗೈತೆ?” ಆಂಜಿನಮ್ಮ ಕೇಳಿದಳು.

“ಏನೂ ಸೀದಿಲ್ಲ.”

“ಸೀದಿರೋದು ಅಲ್ಲ. ಘಮ ಹೆಂಗೈತೆ?”

ಪಟೇಲನಿಗೆ ಇಂಥ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಅವನು ಗಂಟಲು ಸರಿಮಾಡಿಕೊಂಡ. ಮೂಗನ್ನು ಸ್ವಲ್ಪ ಮೇಲೆತ್ತಿದ.

“ಮೊದ್ಲು ಲಕ್ಕಿ ಸೊಪ್ಪು... ಒಸಿ ಕಾರ. ಆಮೇಲೆ ನಿಂಬೆ ಎಲೆ ಹಿಚುಕಿದಂಗೆ. ಅದ್ರ ಹಿಂದೆ...” ಅವನ ದನಿ ತಾನಾಗಿ ಇಳಿಯಿತು. “ಅದ್ರ ಹಿಂದೆ ಹಳ್ಳದಾಗೆ ನೀರು ಬಂದ ದಿನ ಇರ್ತೈತಲ್ಲ, ಅಂಗೆ. ನಮ್ಮವ್ವನ ಸೀರೆ ಅಂಗಿರ್ತಿತ್ತು.”

ಆಂಜಿನಮ್ಮ ಅಲುಗಾಡದೆ ಕೇಳಿಸಿಕೊಂಡಳು. ಅವಳ ಕೆನ್ನೆಯ ಮೇಲೆ ನೀರಿಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಂದು ಕುಕ್ಕೆಯ ಮೇಲೆ, ಒಂದು ಧೂಪದ ಮಡಕೆಯಲ್ಲಿ.

“ಲಾವಂಚ ಅದು,” ಎಂದಳು.

ಕೂದಲು ಬುಡದಿಂದ ತುದಿಯವರೆಗೆ ಒಣಗಿತು. ಕುಕ್ಕೆಯ ಮೇಲೆ ಈಗ ಕೂಸಿನ ಬಟ್ಟೆ. ಬೀದಿ ಬಾಗಿಲಲ್ಲಿ ಆಗಲೇ ಇನ್ನೊಂದು ಮನೆಯ ಬಸುರಿ ಬಂದು ನಿಂತು ಇಣುಕುತ್ತಿದ್ದಳು. ಅವಳನ್ನು ಕಂಡು ಪಟೇಲನಿಗೆ ತಾನು ಕೂತ ಭಂಗಿ ನೆನಪಾಯಿತು.

“ಆದ್ರೂ ನೋಡು ಆಂಜಿನಿ,” ಎಂದ ಬೊಮ್ಮಣ್ಣ, ಅಂಗಳದವರಿಗೂ ಕೇಳುವಂತೆ. “ಹೊಳವನಹಳ್ಳಿಗಂಟ ನನ್ ಮಾತು ನಡೀತೈತೆ. ಶೇಕ್ದಾರ್ರು ಬಂದ್ರೆ ನಂಗೆ ಎದ್ದು ನಿಂತು ಕುರ್ಚಿ ಕೊಡ್ತಾರೆ. ಈ ಊರು ಅನ್ನೋ ಊರೇ ನನ್ ಕೈಯಾಗೈತೆ. ಅಂಥೋನ್ನ ತಂದು ಬಾಗ್ಲಾಗೆ ಮೂಸಾಕೆ ಕೂರಿಸ್ಬುಟ್ಟಲ್ಲೇ!”

ಆಂಜಿನಮ್ಮ ಕುಕ್ಕೆಯ ಮೇಲಿನ ಕೈ ತೆಗೆಯದೆ, ತಲೆಯನ್ನೂ ಎತ್ತದೆ ಹೇಳಿದಳು:

“ಊರು ನಿಮ್ ಕೈಯಾಗೇ ಇರ್ಲಿ ಪಟೇಲ್ರೇ, ಯಾರು ಕೇಳಿದ್ರು? ನಂಗೆ ಬೇಕಾಗಿರೋದು ನಿಮ್ಮ ಮೂಗು ಒಂದೇ. ಮಿಕ್ಕಿದ್ದೆಲ್ಲ ಬೇಕಾದ್ರೆ ಎದ್ದೋಗ್ಲಿ.”